ಕಂಡಿದ್ದು ಮೊದಲು, ಅಂದುಕೊಂಡಿದ್ದು ಆಮೇಲೆ

ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಕಾಡುಪ್ರಾಣಿಗಳ ಪಾಠಕ್ಕೆ ಮೊದಲು ತೋರಿಸಿದ್ದು ಆಫ್ರಿಕಾದ ಸಿಂಹಗಳ ವಿಡಿಯೊ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮುಗಿದ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ.

ಆಮೇಲೆ ನಮ್ಮ ಕಗ್ಗಲಡು ನೆನಪಾಯಿತು. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವಲ್ಲ, ಅದನ್ನು ಸ್ನೇಹಿತರೊಬ್ಬರು ಕ್ಯಾಮೆರಾದಲ್ಲಿ ತೆಗೆದುಕೊಟ್ಟರು. ನಾಲ್ಕೇ ನಿಮಿಷ. ವಿವರಣೆಯ ದನಿ ಇಲ್ಲ. ಅದೇ ಒಳ್ಳೆಯದಾಯಿತು, ಮಕ್ಕಳು ಕಣ್ಣಿಟ್ಟು ನೋಡಿದರು.

ಒಂದು ಕಡೆ ಕೊಕ್ಕರೆ ಪಕ್ಕದ ಗೂಡಿಗೆ ಕತ್ತು ಚಾಚಿ ಕಡ್ಡಿ ಎಳೆದುಕೊಳ್ಳುತ್ತದೆ. "ಕಳ್ಳ! ಕಳ್ಳ!" ಅಂತ ಇಡೀ ಕ್ಲಾಸು ಕೂಗಿತು. ವಿಡಿಯೊ ನಿಲ್ಲಿಸಿ ಬೋರ್ಡಿನ ನಡುವೆ ಗೆರೆ ಎಳೆದೆ. ಒಂದು ಕಡೆ 'ಕಂಡಿದ್ದು', ಇನ್ನೊಂದು ಕಡೆ 'ಅಂದುಕೊಂಡಿದ್ದು'. ಕಳ್ಳ ಅನ್ನೋದು ಯಾವ ಕಡೆಗೆ? ಸುಮಾರು ಹೊತ್ತು ಜಗಳವಾಡಿದರು. ಕೊನೆಗೆ ಒಬ್ಬಳು, "ಕಡ್ಡಿ ಎಳೆದಿದ್ದು ಕಂಡಿದ್ದು ಮಿಸ್, ಕಳ್ಳ ನಾವು ಅಂದುಕೊಂಡಿದ್ದು" ಅಂದಳು.

ಇನ್ನೊಂದು ಹಕ್ಕಿ ಕೆರೆ ನೀರಲ್ಲಿ ಕೊಕ್ಕು ಅದ್ದಿತ್ತು. ನೀರು ಕುಡೀತಿದೆ ಅಂದರು. ಮತ್ತೆ ಹಾಕಿದೆ. ಕೊಕ್ಕು ಅರೆ ತೆರೆದಿದೆ, ಹಕ್ಕಿ ನಿಧಾನಕ್ಕೆ ನಡೆಯುತ್ತಲೇ ಇದೆ, ತಟ್ಟನೆ ಮುಚ್ಚಿತು. ಕೊಕ್ಕಿಗೆ ಮೀನು ತಗುಲಿದರೆ ಸಾಕು, ಹಿಡಿದುಬಿಡುತ್ತದೆ, ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಇದನ್ನು ಕೊನೆಗೆ ಹೇಳಿದೆ, ಮೊದಲೇ ಹೇಳಿದ್ದರೆ ಅವರು ನೋಡುತ್ತಲೇ ಇರಲಿಲ್ಲ. ಮುಂದಿನ ವಾರ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು. ಕಪ್ಪು ಒಂದು ಜಾತಿ, ಕಂದು ಇನ್ನೊಂದು ಜಾತಿ ಅಂದುಕೊಂಡಿದ್ದರು. ಕಪ್ಪಗಿರುವುದು ಬೆಳೆದ ಗಂಡು. ಹೆಣ್ಣು, ಮರಿಗಳು ಕಂದು.

ಈ ಗೆರೆ ಜಗಳಕ್ಕೂ ಬರುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಒಂದು ದಿನ ಇಬ್ಬರು ಹುಡುಗರು ಹೊಡೆದಾಡಿ ಒಬ್ಬನ ಅಂಗಿ ಗುಂಡಿ ಕಿತ್ತುಬಂದಿತ್ತು. "ನನ್ನ ಕೈವಾರ ಕದ್ದ ಮಿಸ್." ಎಲ್ಲರ ಮುಂದೆ ವಿಚಾರಿಸಿದೆ. ಅದು ನನ್ನ ತಪ್ಪು. ಆ ಹುಡುಗ ಮುಖ ಮುಚ್ಚಿಕೊಂಡು ಅತ್ತ, ಮಾತೇ ಆಡಲಿಲ್ಲ. ಊಟದ ಬಿಡುವಿನಲ್ಲಿ ಇಬ್ಬರನ್ನೇ ಜಗಲಿಗೆ ಕರೆದು ಕೂರಿಸಿದೆ. ಒಬ್ಬ ಹೇಳುವಾಗ ಇನ್ನೊಬ್ಬ ಸುಮ್ನೆ ಕೇಳಬೇಕು.

"ಏನು ಕಂಡೆ?"

"ಅವನ ಬಾಕ್ಸಲ್ಲಿ ನನ್ನ ಕೈವಾರ ಇತ್ತು."

"ತೆಗೆದುಕೊಂಡಿದ್ದು ಕಂಡೆಯಾ?"

ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ ಮಿಸ್."

"ಬೆಂಚಿನ ಕೆಳಗೆ ಬಿದ್ದಿತ್ತು," ಅಂದ ಇನ್ನೊಬ್ಬ. "ಯಾರದು ಅಂತ ಕೇಳಬೇಕಿತ್ತು, ಕೇಳಲಿಲ್ಲ."

ಸಾರಿ ಕೇಳು ಅಂತ ನಾನು ಯಾರಿಗೂ ಹೇಳಲಿಲ್ಲ. ಒತ್ತಾಯದ ಸಾರಿ ಬೆಲ್ ಹೊಡೆಯುವವರೆಗೂ ಉಳಿಯುವುದಿಲ್ಲ. ಹೊಡೆದವನೇ ಅಡುಗೆ ಆಂಟಿ ಹತ್ತಿರ ಸೂಜಿ ದಾರ ಇಸ್ಕೊಂಡು ಬಂದ. ಗುಂಡಿ ಹೊಲಿಯೋಕೆ ಬರಲಿಲ್ಲ. ನಾನು ಹೊಲಿದೆ, ಅವನು ಅಂಗಿ ಹಿಡಿದುಕೊಂಡಿದ್ದ.