ಬಾಯಿಹುಣ್ಣು ಮಾಯದಿದ್ದರೆ: ರೆಫರಲ್ ಚೀಟಿಗಾಗಿ ದಿನ ಕಳೆಯದಿರಲು

ನಾನು ಆಶಾ ಕಾರ್ಯಕರ್ತೆ. ಎಲೆಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಎರಡು ವಾರ ಕಳೆದರೂ ಮಾಯದಿದ್ದರೆ ಅದು ಬಾಯಿ ಕ್ಯಾನ್ಸರ್ ಇರಬಹುದು, ಮುಲಾಮು ಹಚ್ಚುತ್ತಾ ಕೂರಬೇಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿ ತಪಾಸಣೆ ಉಚಿತ.

2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಂದಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ದುಡ್ಡಿಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದವರಿಗೆ ಇದು ದೊಡ್ಡ ಆಸರೆ. ಆದರೆ ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ದಿನಗಳು ಕರಗುವುದು ಇಲ್ಲೇ. ನಮ್ಮೂರ ಅಜ್ಜಿಯೊಬ್ಬರ ಹೆಸರು ರೇಷನ್ ಕಾರ್ಡಿನಲ್ಲಿ ಗೌರವ್ವ, ಆಧಾರಿನಲ್ಲಿ ಗೌರಮ್ಮ. ಅಷ್ಟಕ್ಕೇ ಕೌಂಟರಿನಿಂದ ವಾಪಸ್ ಕಳಿಸಿದರು. ಹುಣ್ಣು ಕಾಯುತ್ತದೆಯೇ?

ಹಾಗಾಗಿ ಎರಡೂ ಕಾರ್ಡಿನ ಹೆಸರು ಇವತ್ತೇ ಹೋಲಿಸಿ ನೋಡಿ, ತಪ್ಪಿದ್ದರೆ ಸರಿಪಡಿಸಿ. ಆದರೆ ಅದಕ್ಕಾಗಿ ತಪಾಸಣೆ ನಿಲ್ಲಿಸಬೇಡಿ. ಎರಡೂ ಜೊತೆಜೊತೆಗೆ ನಡೆಯಲಿ.

ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಆದರೆ ವರದಿಯ ಜೊತೆಗೆ ಆ ಚೂರನ್ನು ಇಟ್ಟಿರುವ ಗಾಜಿನ ಸ್ಲೈಡ್, ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಇಲ್ಲದಿದ್ದರೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಪರೀಕ್ಷೆ ಮೊದಲಿಂದ ಶುರುವಾಗಬಹುದು. ಚೀಟಿ ಬರೆಸಲು ಹೋಗುವಾಗ ನಿಮ್ಮೂರ ಆಶಾಗೆ ಹೇಳಿ, ಜೊತೆಗೆ ಬರುತ್ತೇವೆ.