ಬೇಲಿಯಾಚೆಯವರನ್ನೂ ಕಟ್ಟಿಕೊಂಡು ಸಾವಯವ ಕಾಫಿ

ಮೂಡಿಗೆರೆ ಕಡೆ ನಮ್ಮದು ಸಣ್ಣ ತೋಟ. ಸಾವಯವ ಸರ್ಟಿಫಿಕೇಟನ್ನು ಒಬ್ಬನೇ ಮಾಡಿಸಲು ಹೋದರೆ ಶುಲ್ಕಕ್ಕೇ ಕಾಫಿ ದುಡ್ಡೆಲ್ಲ ಹೋಗುತ್ತದೆ. ಹಾಗಾಗಿ ಅಕ್ಕಪಕ್ಕದವರು ಸೇರಿ ಗುಂಪು ಕಟ್ಟಿದೆವು. ಸಾವಯವ ಬೆಳೆಗೆ ಕೇಂದ್ರ ಸರ್ಕಾರ ಮಾಡಿರುವ ಎನ್‌ಪಿಒಪಿ ನಿಯಮದಲ್ಲಿ ಇದಕ್ಕೆ ದಾರಿ ಇದೆ. ಪ್ರತಿ ಸದಸ್ಯನ ತೋಟವನ್ನು ಗುಂಪಿನವರೇ ನೋಡಿ ದಾಖಲೆ ಇಡಬೇಕು. ಹೊರಗಿನಿಂದ ಬರುವ ಇನ್‌ಸ್ಪೆಕ್ಟರ್ ಕೆಲವು ತೋಟ ಮಾತ್ರ ನೋಡಿ, ನಮ್ಮ ತಪಾಸಣೆ ಎಷ್ಟು ಗಟ್ಟಿ ಅಂತ ಪರೀಕ್ಷಿಸುತ್ತಾರೆ.

ಫಾರಂ ತುಂಬುವುದು ಸುಲಭ. ವಯಸ್ಸಿನಲ್ಲಿ ದೊಡ್ಡವರು, ನೆಂಟರು ಬೇರೆ, ಅಂಥವರ ಗೋಡೌನ್ ಬಾಗಿಲು ತೆಗೆಸುವುದು ಇದೆಯಲ್ಲ, ಅದು ಕಷ್ಟ. ಒಂದು ಸಲ ಒಬ್ಬರ ಮನೆಯಲ್ಲಿ ಚೀಲಗಳ ಹಿಂದೆ ಕಳೆನಾಶಕದ ಕ್ಯಾನ್ ಕಂಡಿತು. "ಗದ್ದೆ ಬದುಗೆ ತಂದಿದ್ದು ಮಾರಾಯ, ತೋಟಕ್ಕಲ್ಲ" ಅಂದರು. ಸುಳ್ಳು ಅನ್ನಿಸಲಿಲ್ಲ. ಆದರೂ ಬರೆದುಕೊಂಡೆ. ಸ್ವಲ್ಪ ದಿನ ಮಾತು ಬಿಟ್ಟರು. ಆಮೇಲೆ ಮೀಟಿಂಗಿನಲ್ಲಿ ಎರಡು ತೀರ್ಮಾನ ಆಯಿತು: ಗದ್ದೆಗೂ ಕಳೆನಾಶಕ ಬೇಡ, ತಪಾಸಣೆಗೆ ಪಕ್ಕದ ಊರಿನ ಸದಸ್ಯರೇ ಹೋಗಬೇಕು.

ಕಳೆನಾಶಕ ಬಿಡಿ ಅನ್ನುವುದು ಸುಮ್ನೆ ಮಾತಲ್ಲ. ಕಳೆ ಕೊಚ್ಚಲು ಆಳು ಎಲ್ಲಿ? ರಾಸಾಯನಿಕ ಬಿಟ್ಟು ಸಾವಯವಕ್ಕೆ ಬರುವ ಪರಿವರ್ತನೆಯ ಮೂರು ವರ್ಷ ಸಾವಯವದ ರೇಟೂ ಇಲ್ಲ. ಕೆಲವರು ಬಿಟ್ಟೇ ಹೋದರು. ಉಳಿದವರನ್ನು ಹಿಡಿದಿಟ್ಟಿದ್ದು ಹಳೇ ಮುಯ್ಯಾಳು ಪದ್ಧತಿ. ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮಲ್ಲಿಗೆ ನೀವು.

ಅರೇಬಿಕಾ ಜಾತಿಯ ಕಾಫಿ ಗಿಡದ ಕಾಂಡಕೊರಕಕ್ಕಂತೂ, ಅಂದರೆ ಕಾಂಡ ಕೊರೆದು ತಿಂದು ಆಮೇಲೆ ದುಂಬಿಯಾಗಿ ಹಾರುವ ಹುಳಕ್ಕೆ, ಎಲ್ಲರೂ ಒಟ್ಟಿಗೆ ಇಳಿಯಲೇಬೇಕು. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ದುಂಬಿ ಹಾರುವ ಕಾಲ. ಅಷ್ಟರೊಳಗೆ ಹುಳ ಹಿಡಿದ ಗಿಡ ಹುಡುಕಿ, ಕಿತ್ತು, ಸುಡಬೇಕು. ಒಬ್ಬರು ಬಿಟ್ಟರೆ ದುಂಬಿ ಬೇಲಿ ನೋಡಿಕೊಂಡು ನಿಲ್ಲುತ್ತದಾ? ಎಲೆ ಹಳದಿಯಾಗಿ ಬಾಡಿರುತ್ತದೆ, ಕಾಂಡದ ತೊಗಟೆ ಮೇಲೆ ಉಬ್ಬಿದ ಗೆರೆ ಇರುತ್ತದೆ. ಆ ಗೆರೆ ಹಿಡಿಯುವ ಕಣ್ಣು ನನಗಿಂತ ನಮ್ಮ ಆಳುಗಳಿಗೆ ಜಾಸ್ತಿ. ಇದಕ್ಕೆ ಗಿಡದ ಲೆಕ್ಕದಲ್ಲಿ ದುಡ್ಡು ಕೊಡಬೇಡಿ, ಚೆನ್ನಾಗಿರೋ ಗಿಡವೂ ಎದ್ದು ಬರುತ್ತದೆ! ನಾವು ಕೂಲಿಯನ್ನೇ ಸ್ವಲ್ಪ ಜಾಸ್ತಿ ಮಾಡಿದೆವು.

ನನ್ನ ಕೆಳಗಿನ ತೋಟದವರು ಗುಂಪಿಗೆ ಸೇರಿಲ್ಲ. ಔಷಧಿ ಹೊಡೆಯುವ ಹಿಂದಿನ ಸಂಜೆ ಫೋನ್ ಮಾಡುತ್ತಾರೆ, ಅಷ್ಟೇ ಸಾಕು. ಔಷಧಿ ಗಾಳಿಗೆ ಈಚೆ ಬಂದಿರಬಹುದು ಅಂತ ಬೇಲಿ ಪಕ್ಕದ ಸಾಲುಗಳ ಹಣ್ಣನ್ನು ಬೇರೆ ಕೊಯ್ದು, ಕಣದಲ್ಲಿ ಬೇರೆ ಒಣಗಿಸಿ, ಮಾಮೂಲಿ ಕಾಫಿ ಅಂತಲೇ ಮಾರುತ್ತೇನೆ. ಸೇರಿ ಅಂದರೆ, "ನಿಮ್ಮ ರೇಟು ನೋಡಿ ಹೇಳ್ತೀನಿ" ಅನ್ನುತ್ತಾರೆ.