ಹತ್ತು ಆಸ್ಪತ್ರೆ, ಒಂದೇ ಎಥಿಕ್ಸ್ ಕಮಿಟಿ: ಬಜೆಟ್ ಹಾಕುವುದು ಹೇಗೆ?

ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಅನುದಾನದಲ್ಲಿ ಹಲವು ಆಸ್ಪತ್ರೆಗಳು ಒಂದೇ ಪ್ರೋಟೋಕಾಲ್‌ನಡಿ (ಅಧ್ಯಯನದ ಲಿಖಿತ ಯೋಜನೆ) ಜನರ ಮೇಲೆ ಸಂಶೋಧನೆ ನಡೆಸುವುದಾದರೆ, ಎಲ್ಲಕ್ಕೂ ಒಂದೇ ಎಥಿಕ್ಸ್ ಕಮಿಟಿ (ಐಆರ್‌ಬಿ, ಅಂದರೆ ಸಂಶೋಧನೆಗೆ ಒಳಗಾಗುವವರ ಹಿತ ಕಾಯುವ ಸಮಿತಿ) ಅನುಮತಿ ಕೊಡಬೇಕು. 2018ರ ಜನವರಿ 25ರಿಂದ ಈ ನಿಯಮವಿದೆ. 2020ರ ಜನವರಿ 20ರಿಂದ ಉಳಿದ ಫೆಡರಲ್ ಅನುದಾನಗಳಿಗೂ ಬಹುಮಟ್ಟಿಗೆ ಇದೇ ಕ್ರಮ. ಕಮಿಟಿ ಒಂದಾದರೂ ಕೆಲಸ ಕಡಿಮೆಯಾಗುವುದಿಲ್ಲ, ಮುಖ್ಯ ಸಂಶೋಧಕರ ತಂಡದ ಹೆಗಲಿಗೆ ಬರುತ್ತದೆ. ಹಾಗಾಗಿ ಲೆಕ್ಕ ಅರ್ಜಿ ಹಾಕುವ ಮೊದಲೇ ಮುಗಿದಿರಲಿ.

ಮೊದಲು ಕೇಂದ್ರಗಳ, ಅಂದರೆ ಅಧ್ಯಯನ ನಡೆಯುವ ಆಸ್ಪತ್ರೆಗಳ ಪಟ್ಟಿ ಮಾಡಿ. ಎನ್‌ಐಎಚ್ ನಿಯಮ ಅಮೆರಿಕದೊಳಗಿನ ಕೇಂದ್ರಗಳಿಗೆ ಮಾತ್ರ. ಬೆಂಗಳೂರಿನ ಆಸ್ಪತ್ರೆಯೂ ಜೊತೆಗಿದ್ದರೆ ಅಲ್ಲಿನ ಕಮಿಟಿಯ ಶುಲ್ಕ ಮತ್ತು ಸಮಯವನ್ನು ಬೇರೆಯಾಗಿ ಬರೆಯಿರಿ.

ಆಮೇಲೆ ಕಮಿಟಿಯಿಂದ ದರಪಟ್ಟಿ ತರಿಸಿ. ಮೊದಲ ಪರಿಶೀಲನೆಯ ದರವನ್ನಷ್ಟೇ ನೋಡಿ ಬಜೆಟ್ ಹಾಕುವವರೇ ಹೆಚ್ಚು, ಹಣ ಸಾಲದೆ ಹೋಗುವುದೂ ಅಲ್ಲೇ. ಕೇಂದ್ರವಾರು ಬಿಲ್ ಮಾಡುವ ಕಮಿಟಿಯಾದರೆ 10 ಕೇಂದ್ರ, 5 ವರ್ಷಕ್ಕೆ ಹೀಗೆ ಎಣಿಸಿ: ಪ್ರೋಟೋಕಾಲ್ 1, ಕೇಂದ್ರಗಳ ಸೇರ್ಪಡೆ 10, ವಾರ್ಷಿಕ ಮರುಪರಿಶೀಲನೆ 4 ಸಲದಂತೆ 40, ವರ್ಷಕ್ಕೆ ಎರಡರಂತೆ ತಿದ್ದುಪಡಿ 10, ಮುಕ್ತಾಯ 10. ಒಟ್ಟು 71 ಬಾಬತ್ತು. ಅಪಾಯ ತೀರಾ ಕಡಿಮೆಯಿರುವ ಅಧ್ಯಯನಕ್ಕೆ ಮರುಪರಿಶೀಲನೆ ಸಾಮಾನ್ಯವಾಗಿ ಬೇಕಿಲ್ಲ, ಆ 40 ಬಿಟ್ಟುಹೋಗುತ್ತದೆ. ನಡುವೆ ಒಂದು ಆಸ್ಪತ್ರೆ ಕೈಬಿಟ್ಟು ಇನ್ನೊಂದು ಸೇರುವುದು ಮಾಮೂಲು. ಇನ್ನೆರಡು ಕೇಂದ್ರಗಳ ಹಣ ಹೆಚ್ಚುವರಿ ಇಟ್ಟುಕೊಳ್ಳಿ.

ನಿಮ್ಮದೇ ಸಂಸ್ಥೆಯ ಕಮಿಟಿಯಾದರೆ, ಪ್ರೋಟೋಕಾಲ್ ಮತ್ತು ಮಾದರಿ ಒಪ್ಪಿಗೆ ಪತ್ರದ ಪರಿಶೀಲನೆ ಸಾಮಾನ್ಯವಾಗಿ ಪರೋಕ್ಷ ವೆಚ್ಚದೊಳಗೇ (ಸಂಸ್ಥೆಯ ಸಾಮಾನ್ಯ ಖರ್ಚಿಗೆ ಅನುದಾನದಲ್ಲಿ ಸಿಗುವ ಪಾಲು) ಸೇರಿರುತ್ತದೆ. ಇತರ ಕೇಂದ್ರಗಳ ಪರಿಶೀಲನೆಯನ್ನು ನೇರ ವೆಚ್ಚವಾಗಿ ತೋರಿಸಬಹುದು. ಒಂದೇ ಖರ್ಚು ಎರಡೂ ಕಡೆ ಬಂದರೆ ಆಡಿಟ್‌ನಲ್ಲಿ ತಕರಾರು ಖಂಡಿತ. ಸಂಸ್ಥೆಯ ಅನುದಾನ ವಿಭಾಗದಿಂದ ಇದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಇನ್ನು ಜನ. ಇಷ್ಟು ಕೇಂದ್ರಗಳಿಗೆ ಸಂಬಳದ ಸಂಯೋಜಕರು ಬೇಕೇ ಬೇಕು. ಪಿಎಚ್‌ಡಿ ವಿದ್ಯಾರ್ಥಿಯ ತಲೆಗೆ ಕಟ್ಟುವ ಕೆಲಸ ಇದಲ್ಲ. ನಮ್ಮ ಸಲಹೆ: ಮೊದಲ ವರ್ಷ ಅರ್ಧ ಹೊತ್ತು, ಅಂದರೆ 6 ಮಾನವ-ತಿಂಗಳು (ಒಬ್ಬರ ಆರು ತಿಂಗಳ ಪೂರ್ಣ ಕೆಲಸ). ಆಮೇಲೆ ವರ್ಷಕ್ಕೆ 3. ಮೊದಲ ವರ್ಷ ಭಾರವಾಗುವುದು ಆ ಒಂದೇ ಕಮಿಟಿಯ ಪರಿಶೀಲನೆಯನ್ನು ಒಪ್ಪುತ್ತೇವೆಂದು ಪ್ರತಿ ಆಸ್ಪತ್ರೆ ಮಾಡಿಕೊಳ್ಳುವ ಒಪ್ಪಂದಗಳಿಂದ. ಇದಕ್ಕೆಂದೇ ಇರುವ ಸಿದ್ಧ ಸಾಮಾನ್ಯ ಒಪ್ಪಂದವಾದ ಸ್ಮಾರ್ಟ್ ಐಆರ್‌ಬಿಗೆ ಆಗಲೇ ಸಹಿ ಹಾಕಿದ ಸಂಸ್ಥೆಗಳಲ್ಲಿ ಇದು ಬೇಗ ಮುಗಿಯುತ್ತದೆ. ಹಿತಾಸಕ್ತಿ ಸಂಘರ್ಷ, ವಿಕಿರಣ ಸುರಕ್ಷತೆ, ಸಿಬ್ಬಂದಿ ತರಬೇತಿಯ ತಪಾಸಣೆ ಮಾತ್ರ ಆಯಾ ಆಸ್ಪತ್ರೆಯಲ್ಲೇ ನಡೆಯುತ್ತದೆ. ಅದನ್ನು ಬೆನ್ನುಹತ್ತಿ ಮುಗಿಸುವುದೂ ಸಂಯೋಜಕರೇ.

ಅವರ ಪಟ್ಟಿಯಲ್ಲಿ ಪ್ರತಿ ಕೇಂದ್ರಕ್ಕೂ ಒಂದು ಸಾಲು: ಒಪ್ಪಂದದ ದಿನಾಂಕ, ಸ್ಥಳೀಯ ಷರತ್ತುಗಳು, ಒಪ್ಪಿಗೆ ಪತ್ರದ ಆವೃತ್ತಿ ಸಂಖ್ಯೆ, ಅದು ಕೇಂದ್ರಕ್ಕೆ ತಲುಪಿದ ದಿನ. ಕೊನೆಯ ಎರಡು ಕಾಲಂ ಖಾಲಿ ಬಿಡಲೇಬೇಡಿ. ತಿದ್ದುಪಡಿಯಾದ ಮೇಲೂ ಒಂದು ಕೇಂದ್ರ ಹಳೆಯ ಪತ್ರಕ್ಕೇ ಸಹಿ ಹಾಕಿಸುತ್ತಿದ್ದರೆ, ಹೊಸ ಅಪಾಯ ತಿಳಿಯದೆಯೇ ರೋಗಿಗಳು ಒಪ್ಪಿರುತ್ತಾರೆ. ಆಗ ಅದನ್ನು ನಿಯಮಭಂಗವೆಂದು ಕಮಿಟಿಗೆ ತಿಳಿಸಿ, ಆ ರೋಗಿಗಳಿಂದ ಹೊಸದಾಗಿ ಒಪ್ಪಿಗೆ ಪಡೆಯಬೇಕಾಗುತ್ತದೆ.